ಮಡಿ ಬಾಟಲಿ

ಪ್ರಬಲ ಆಮ್ಲಗಳ ಪಟ್ಟಿಯನ್ನು ನಾನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಹೈಡ್ರೋಕ್ಲೋರಿಕ್, ನೈಟ್ರಿಕ್, ಸಲ್ಫ್ಯೂರಿಕ್, ಪರ್‌ಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರಯೋಡಿಕ್. ಈ ಆರನ್ನು ಬಾಯಿಪಾಠ ಮಾಡಿಕೊಳ್ಳಿ, ಉಳಿದದ್ದೆಲ್ಲ ದುರ್ಬಲ ಅಂತ ತಿಳಿದುಕೊಳ್ಳಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ನಿಂಬೆಹಣ್ಣಿನಲ್ಲಿರುವುದು ದುರ್ಬಲ, ಹುಣಸೆಹಣ್ಣಿನಲ್ಲಿರುವುದು ದುರ್ಬಲ, ವಿನೆಗರ್ ದುರ್ಬಲ, ಹೈಡ್ರೋಫ್ಲೋರಿಕ್ ಕೂಡ ದುರ್ಬಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಪೂರ್ತಿ ಅಂಕ. ಹೊಸಪೇಟೆಯ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಸಂದರ್ಶನಕ್ಕೆ ಹೋದಾಗಲೂ ಇದನ್ನೇ ಕೇಳಿದರು, ಇದನ್ನೇ ಹೇಳಿದೆ, ಕೆಲಸ ಸಿಕ್ಕಿತು. ಅದೇ ಪಟ್ಟಿಯನ್ನು ನಂಬಿ ನಾನು ಬಲಗೈಯ ತೋರುಬೆರಳನ್ನು ಕಳೆದುಕೊಳ್ಳುವುದರಲ್ಲಿದ್ದೆ. ಬೆರಳನ್ನು ಉಳಿಸಿದ ಮನುಷ್ಯನ ಬಗ್ಗೆ ಬರೆಯಬೇಕು ಅನ್ನಿಸಿ ಈಗ ಅದೇ ಬೆರಳಿನಲ್ಲಿ ಪೆನ್ನು ಹಿಡಿದಿದ್ದೇನೆ.

ಅದು ಅದಿರಿನ ಭರಾಟೆಯ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದು ಬರುವ ಲಾರಿಗಳ ಸಾಲಿಗೆ ತಲೆ ಬುಡ ಇರುತ್ತಿರಲಿಲ್ಲ. ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯ ಮುಂದೆ ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಯ ಹೊತ್ತಿಗೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪ ಗಾದಿಗನೂರಿನ ಕಡೆ ಅದಿರು ಗುಡ್ಡೆ ಹಾಕುವ ಯಾರ್ಡಿನಲ್ಲಿ ಕೂಲಿ ಮಾಡುತ್ತಿದ್ದ. ಅವನು ಸ್ನಾನ ಮಾಡಿದ ಮೇಲೆ ಬಚ್ಚಲಿನಲ್ಲಿ ಹರಿಯುವ ನೀರನ್ನು ನೋಡಿಯೇ ಅವತ್ತಿನ ಅದಿರು ಎಂಥದ್ದೆಂದು ಹೇಳಬಹುದು ಎಂದು ನಾನು ಛೇಡಿಸುತ್ತಿದ್ದೆ. ನಮ್ಮ ಬಳಗದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಹೆಣ್ಣು ನಾನೇ. ಆ ಜಂಬ ನನಗೆ ಕೊಂಚ ಜಾಸ್ತಿಯೇ ಇತ್ತು. ಮೂಗಿನ ತುದಿಯಲ್ಲಿ ಸಿಟ್ಟೂ ಇತ್ತು.

ಲ್ಯಾಬು ಅಂದರೆ ದೊಡ್ಡದೇನಲ್ಲ. ಮುಂದೆ ಅದಿರನ್ನು ಪುಡಿ ಮಾಡುವ ಕೋಣೆ, ಹಿಂದೆ ಆಮ್ಲಗಳ ಕೋಣೆ. ಗಣಿಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಕೆಂಪು ಪುಡಿ ಬರುತ್ತಿತ್ತು, ಜೊತೆಗೆ ಒಂದು ಚೀಟಿ. ಅದರಲ್ಲಿ ಕಬ್ಬಿಣ ನೂರಕ್ಕೆ ಎಷ್ಟಿದೆ ಎಂದು ನಾವು ಹೇಳಬೇಕು. ಹೇಳುವ ತನಕ ಲಾರಿಗಳು ಕದಲುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಯಾರಾದರೊಬ್ಬರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. "ಅರವತ್ಮೂರು ಬಂತೇನ್ರಿ ಮೇಡಂ? ಜಲ್ದಿ ನೋಡ್ರಿ, ಗಾಡಿ ನಿಂತಾವು." ಇಪ್ಪತ್ತೆರಡು ವರ್ಷದ ನನ್ನನ್ನು ಮೀಸೆ ಹೊತ್ತ ಗಂಡಸರು ಮೇಡಂ ಎಂದು ಕರೆಯುವುದು ನನಗೆ ಬಹಳ ಹಿಡಿಸಿತ್ತು.

ಆಮ್ಲಗಳ ಕೋಣೆಯಲ್ಲಿ ನನ್ನ ಮೇಲಿನವರು ಒಬ್ಬರೇ, ನಾವೆಲ್ಲ ಸರ್ ಎಂದು ಕರೆಯುತ್ತಿದ್ದ ಹಿರಿಯ ಕೆಮಿಸ್ಟ್. ಐವತ್ತು ದಾಟಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಹಳೆಯ ಆದರೆ ಚೊಕ್ಕವಾಗಿ ಒಗೆದ ಕೋಟು. ಅವರ ಕೈಕೆಲಸವನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕೆಂಪು ಪುಡಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿದು ಕರಗಿ ಹಳದಿ ನೀರಾಗುತ್ತದೆ. ಆಮೇಲೆ ಅದಕ್ಕೆ ಒಂದೊಂದೇ ಹನಿ ದ್ರಾವಣ ಬಿಡುತ್ತ ಹೋಗಬೇಕು, ಹನಿ ಬಿದ್ದಂತೆಲ್ಲ ಹಸಿರಾಗುತ್ತ ಬಂದ ಬಣ್ಣ ಥಟ್ಟನೆ ನೇರಳೆಗೆ ತಿರುಗುವ ತನಕ. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪು. ನಾನು ಬಿಡುತ್ತಿದ್ದದ್ದು ಹನಿ, ಸರ್ ಬಿಡುತ್ತಿದ್ದದ್ದು ಅರ್ಧ ಹನಿ. ಗಾಜಿನ ನಳಿಕೆಯ ತುದಿಯಲ್ಲಿ ಹನಿ ತುಂಬಿಕೊಳ್ಳುವ ಮೊದಲೇ ಅದನ್ನು ಪಾತ್ರೆಯ ಗೋಡೆಗೆ ತಾಕಿಸಿ ಇಳಿಸುತ್ತಿದ್ದರು. ಬಾಗಿಲಲ್ಲಿ ಎಷ್ಟೇ ಜನ ಕೂಗಾಡುತ್ತಿದ್ದರೂ ಆ ಕೈ ಅವಸರ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಫಲಿತಾಂಶ ಕೊಂಚ ಮೇಲೆ ಬರಲಿ ಎಂದು ಬಂದವರು ಹಲ್ಲು ಕಿರಿದರೆ, "ಅದಿರು ಏನು ಹೇಳ್ತದ ಅದನ್ನ ಬರೀತೀನ್ರಿ, ನಾನು ಬರೇ ಗುಮಾಸ್ತ" ಅನ್ನುತ್ತಿದ್ದರು. ಇಂಥವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡು ಮೆರೆದಿದ್ದೆ.

ಅವರದ್ದು ಒಂದೇ ಒಂದು ಸಂಗತಿ ನನಗೆ ಮೈ ಉರಿಸುತ್ತಿತ್ತು. ಅದೇ ಮಡಿ.

ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಕಬ್ಬಿಣದ ಬೀರು ಇತ್ತು. ಅದರೊಳಗೆ ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೈಡ್ರೋಫ್ಲೋರಿಕ್ ಆಮ್ಲ. ಅದಿರು ಕರಗಿದ ಮೇಲೆ ತಳದಲ್ಲಿ ಬಿಳಿ ಮರಳಿನಂಥದ್ದು ಉಳಿಯುತ್ತದೆ, ಅದು ಸಿಲಿಕಾ. ಬೇರೆ ಯಾವ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಈ ಒಂದು ಆಮ್ಲ ಮಾತ್ರ ಅದನ್ನು ಆವಿ ಮಾಡಿ ಓಡಿಸುತ್ತದೆ. ಗಾಜನ್ನೂ ತಿನ್ನುತ್ತದೆ, ಅದಕ್ಕೇ ಪ್ಲಾಸ್ಟಿಕ್ ಬಾಟಲಿ. ಸಿಲಿಕಾ ಎಷ್ಟಿದೆ ಎಂದು ನೋಡುವ ಕೆಲಸವನ್ನು ಸರ್ ತಾವೊಬ್ಬರೇ ಮಾಡುತ್ತಿದ್ದರು. ಆ ಬೀರುವಿಗೆ ಬೀಗವಿರಲಿಲ್ಲ. "ಅದು ಮಡಿ. ಮುಟ್ಟಬ್ಯಾಡ್ರಿ" ಎಂಬ ಅವರ ಮಾತೇ ಬೀಗ. ಬಾಟಲಿ ತೆಗೆಯುವಾಗ ಮೊಣಕೈವರೆಗಿನ ರಬ್ಬರ್ ಗ್ಲೌಸ್ ಹಾಕಿಕೊಂಡು, "ದೂರ ನಿಲ್ರಿ, ಮಡಿ ಅದ" ಎಂದು ನಮ್ಮನ್ನೆಲ್ಲ ಹಿಂದೆ ಸರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಕಟ್ಟೆ ತೊಳೆದು, ಗ್ಲೌಸ್ ತೊಳೆದು, ಕೈ ತೊಳೆದು, ಮತ್ತೊಮ್ಮೆ ಕೈ ತೊಳೆಯುತ್ತಿದ್ದರು. ಅದಿರು ಪುಡಿ ಮಾಡುವ ಕೆಲಸಕ್ಕೆ ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅಕ್ಕ ಒಬ್ಬಳಿದ್ದಳು. ಅವಳಂತೂ ಆ ಮೂಲೆಯ ಕಡೆ ಕಸಬರಿಗೆಯನ್ನೂ ಒಯ್ಯುತ್ತಿರಲಿಲ್ಲ. "ಅದು ಸರ್‌ದು ಮಡಿ ಬಾಟ್ಲಿ ಯವ್ವಾ, ನಮಗ್ಯಾಕ" ಅನ್ನುತ್ತಿದ್ದಳು.

ಸರ್ ಲ್ಯಾಬಿನೊಳಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಊಟಕ್ಕೆ ತಮ್ಮ ಮನೆಗೇ ಹೋಗುತ್ತಿದ್ದರು. ಆ ಬಾಟಲಿಯನ್ನು ಮುಟ್ಟಲು ಬಿಟ್ಟಿದ್ದು ನನಗಿಂತ ಮೊದಲು ಈ ಕೆಲಸದಲ್ಲಿದ್ದ ಹುಡುಗನೊಬ್ಬನನ್ನು ಮಾತ್ರವಂತೆ, ಅವನೂ ಅವರ ಪೈಕಿಯವನೇ. ಇದನ್ನೆಲ್ಲ ಒಂದಕ್ಕೊಂದು ಜೋಡಿಸಿ ನಾನು ಲೆಕ್ಕ ಮುಗಿಸಿಬಿಟ್ಟೆ. ನನ್ನ ಅಜ್ಜಿ ದೊಡ್ಡವರ ಮನೆಗಳಲ್ಲಿ ಹಿತ್ತಲ ಕೆಲಸ ಮಾಡಿದವಳು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು ಎಂದು ಅವಳು ನಗುನಗುತ್ತಲೇ ಹೇಳುತ್ತಿದ್ದಳು. ಆ ನಗು ನನಗೆ ಸಹಿಸಲಾಗುತ್ತಿರಲಿಲ್ಲ. ಪದವಿ ಪಡೆದು ಕೋಟು ಹಾಕಿಕೊಂಡು ನಿಂತ ಮೇಲೂ ನನ್ನನ್ನು ದೂರ ನಿಲ್ಲು ಅನ್ನುತ್ತಾರಲ್ಲ, ಅದೂ ಒಂದು ದುರ್ಬಲ ಆಮ್ಲಕ್ಕಾಗಿ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಕುದಿಯುವ ಹೈಡ್ರೋಕ್ಲೋರಿಕ್ ಪಾತ್ರೆಯನ್ನು ನನ್ನ ಕೈಗೆ ಕೊಡಲು ಅಡ್ಡಿಯಿಲ್ಲ, ಇದನ್ನು ಮುಟ್ಟಬಾರದು! ಅಪಾಯವೇ ಕಾರಣವಾಗಿದ್ದರೆ ತಿರುವುಮುರುವು ಇರಬೇಕಿತ್ತಲ್ಲ ಎಂದು ನನ್ನ ತರ್ಕ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ.

ಒಂದು ದಿನ ಬೆಳಿಗ್ಗೆ ಸರ್ ಸ್ಯಾಂಪಲ್ ತರಲು ಸಂಡೂರಿನ ಕಡೆ ಗಣಿಗೆ ಹೊರಟರು. ಹೋಗುವಾಗ, "ನಿನ್ನೆದು ಸಿಲಿಕಾ ಒಂದು ಬಾಕಿ ಅದ. ನಾ ಬಂದ ಮ್ಯಾಲೆ ಮಾಡ್ತೀನಿ. ನೀ ಕಬ್ಬಿಣದ್ದು ನೋಡ್ಕೋತಾ ಇರು" ಅಂದರು. ಅವರು ಹೋಗಿ ಅರ್ಧ ಗಂಟೆಯೊಳಗೆ ಆ ಸ್ಯಾಂಪಲ್ಲಿನವನು ಬಂದ. ಮಧ್ಯಾಹ್ನದೊಳಗೆ ಬೇಕೇ ಬೇಕು ಎಂದು ಗೋಗರೆದ. "ಸರ್ ಬರಬೇಕ್ರಿ" ಅಂದೆ. "ಯಾಕ್ರಿ ಮೇಡಂ, ನಿಮಗ ಬರಂಗಿಲ್ಲೇನು?" ಅಂದ.

ಅವನು ಕೆಟ್ಟದ್ದಕ್ಕೇನೂ ಕೇಳಿರಲಿಲ್ಲ. ಆದರೆ ನನ್ನ ಹುಣ್ಣನ್ನು ಸರಿಯಾಗಿ ಒತ್ತಿದ್ದ. ಬರುತ್ತದೆ ಎಂದು ತೋರಿಸಿಯೇ ಬಿಡುತ್ತೇನೆ ಅಂದುಕೊಂಡೆ. ಬಾಟಲಿ ಮುಟ್ಟಿದ ಮೇಲೆ ಏನಾಗುತ್ತದೋ ನೋಡೋಣ, ಲ್ಯಾಬಿಗೆ ಪುಣ್ಯಾಹ ಮಾಡಿಸಲಿ ಬೇಕಾದರೆ.

ಬೀರು ತೆರೆದೆ. ಗ್ಲೌಸ್ ಅಲ್ಲೇ ಇತ್ತು. ಹಾಕಿಕೊಳ್ಳಲಿಲ್ಲ. ಅದೂ ಮಡಿಯ ವೇಷವೇ ಎಂದು ನನಗೆ ಅನ್ನಿಸಿತ್ತು. ಪ್ರಬಲ ಆಮ್ಲಗಳ ಬಾಟಲಿಗಳನ್ನು ಬರಿಗೈಯಲ್ಲಿ ಹಿಡಿಯುವವಳಿಗೆ ದುರ್ಬಲದ ಭಯವೇನು? ಕೆಲಸವನ್ನು ಮಾತ್ರ ನೋಡಿ ನೋಡಿ ಪಕ್ಕಾ ಕಲಿತಿದ್ದೆ. ಹೊಗೆ ಎಳೆಯುವ ಫ್ಯಾನ್ ಹಾಕಿ, ಬಿಳಿ ಪುಡಿಯಿದ್ದ ಪ್ಲಾಟಿನಂ ಬಟ್ಟಲನ್ನು ತೂಗಿ, ಆಮ್ಲ ಬಿಟ್ಟು, ಕಾಯಿಸಿ, ಆರಿಸಿ, ಮತ್ತೆ ತೂಗಿದೆ. ಬಾಟಲಿಯ ಮುಚ್ಚಳ ಹಾಕುವಾಗ ಒಂದು ಹನಿ ತೋರುಬೆರಳಿನ ಉಗುರಿನ ಅಂಚಿಗೆ ತಾಕಿತು. ಬೆರಳನ್ನೇ ನೋಡುತ್ತ ನಿಂತೆ. ಕಾದೆ. ಉರಿ ಇಲ್ಲ, ಕೆಂಪಾಗಲಿಲ್ಲ, ಏನೂ ಇಲ್ಲ. ಕೋಟಿಗೆ ಒರೆಸಿಕೊಂಡು ನಲ್ಲಿಯಡಿ ಬೆರಳನ್ನು ಹೀಗೆ ಹಿಡಿದು ಹಾಗೆ ತೆಗೆದೆ. ಇದಕ್ಕೇನಾ ಇಷ್ಟು ದಿನ ಮಡಿ ಮೈಲಿಗೆ ಎಂದು ಒಬ್ಬಳೇ ನಕ್ಕೆ. ಫಲಿತಾಂಶ ಬರೆದುಕೊಟ್ಟೆ. ಅವನು ಕೈ ಮುಗಿದು ಹೋದ. ನಾನು ಆ ಹೊತ್ತಿನ ಮಟ್ಟಿಗೆ ಗೆದ್ದಿದ್ದೆ.

ಮಧ್ಯಾಹ್ನ ಕಂಪ್ಲಿ ಅಕ್ಕನ ಜೊತೆ ಹೊರಗೆ ಜಗುಲಿಯಲ್ಲಿ ಬುತ್ತಿ ಬಿಚ್ಚಿ ಕೂತೆ. ರೊಟ್ಟಿ ಮುರಿಯಲು ಹೋದರೆ ಬೆರಳಿನ ತುದಿ ಜುಂ ಅಂದಿತು. ಮುಳ್ಳು ಚುಚ್ಚಿರಬೇಕು ಅಂದುಕೊಂಡೆ. ರೊಟ್ಟಿ ಅರ್ಧ ಆಗುವಷ್ಟರಲ್ಲಿ ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿದ ಹಾಗೆ ಬಡಿದುಕೊಳ್ಳತೊಡಗಿತು. ನೋಡಿದರೆ ಉಗುರಿನ ಸುತ್ತ ಚರ್ಮ ಬೆಳ್ಳಗೆ ಸತ್ತಂತಿತ್ತು. ನೋವು ಮೇಲಿನದಲ್ಲ, ಒಳಗಿನದು. ಎಲುಬಿನೊಳಗೆ ಯಾರೋ ಕೂತು ಕೊರೆಯುತ್ತಿದ್ದಂತಿತ್ತು. ಕಣ್ಣಲ್ಲಿ ನೀರು ಬಂತು. ಅಕ್ಕ ನನ್ನ ಕೈ ಹಿಡಿದು ನೋಡಿ, "ಯವ್ವಾ, ಏನ ಮಾಡ್ಕೊಂಡಿ? ಬೆಳ್ಳಗಾಗೈತಲ್ಲ!" ಎಂದು ಗಾಬರಿಯಾದಳು. ನಾನು ಕೈ ಕಸಿದುಕೊಂಡು ಏನಿಲ್ಲ ಅಂದೆ.

ಅಷ್ಟರಲ್ಲಿ ಸರ್ ಜೀಪಿನಿಂದ ಇಳಿದರು. ಅಕ್ಕ ತಡಮಾಡದೆ ಕೂಗಿದಳು. ಅವರು ನನ್ನ ಬೆರಳನ್ನು ನೋಡಿದ್ದು ಒಂದೇ ಕ್ಷಣ.

"ಯಾವ ಬಾಟ್ಲಿ?"

"ಹೈಡ್ರೋಕ್ಲೋರಿಕ್ ಸರ್."

ಹಸಿ ಸುಳ್ಳು. ನೋವಿಗಿಂತ ನಾಚಿಕೆ ದೊಡ್ಡದಾಗಿತ್ತು. ಅವರು ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅದು ಬಿದ್ದಿದ್ರ ಆವಾಗ್ಲೇ ಉರೀತಿತ್ತು, ಕೆಂಪಾಗ್ತಿತ್ತು. ಇದು ಬೆಳ್ಳಗಾಗ್ಯದ, ತಡಾ ಮಾಡಿ ನೋಯಿಸ್ಲಿಕ್ಕತ್ತದ. ಸುಳ್ಳು ಹೇಳಬ್ಯಾಡ ತಂಗಿ. ನೀ ಸುಳ್ಳು ಹೇಳಿದಷ್ಟು ಹೊತ್ತು ಬೆರಳು ಹೋಗ್ತದ."

"ಮಡಿ ಬಾಟ್ಲಿ" ಅಂದೆ.

ಆಮೇಲೆ ಅವರು ಮಾಡಿದ್ದನ್ನೆಲ್ಲ ನಾನು ಮರೆಯಲಾರೆ. ಅರ್ಧ ಹನಿಗೆ ಕಾಯುವ ಆ ಮನುಷ್ಯ ಓಡಿದ್ದನ್ನು ಅವತ್ತೇ ನೋಡಿದ್ದು. ನನ್ನ ಕೈಯನ್ನು ನಲ್ಲಿಯಡಿ ಹಿಡಿಸಿ, ತೆಗೆಯದ ಹಾಗೆ ಅಕ್ಕನನ್ನು ಕಾವಲು ನಿಲ್ಲಿಸಿದರು. ಫ್ರಿಜ್ಜಿನ ಬಾಗಿಲಲ್ಲಿ ಒಂದು ಡಬ್ಬಿ ಇತ್ತು. ಅದರಲ್ಲಿ ಕ್ಯಾಲ್ಸಿಯಂ ಗ್ಲೂಕೋನೇಟ್ ಎಂಬ ಇಂಜೆಕ್ಷನ್ ಔಷಧದ ಗಾಜಿನ ಕೊಳವೆಗಳು, ಜೆಲ್ಲಿಯ ಒಂದು ಟ್ಯೂಬು, ನಾಲ್ಕಾಗಿ ಮಡಚಿದ ಒಂದು ಹಾಳೆ. ಆ ಡಬ್ಬಿಯನ್ನು ನಾನು ಎಷ್ಟೋ ಸಲ ನೋಡಿ ಸರ್‌ದು ಸಕ್ಕರೆ ಕಾಯಿಲೆಯ ಔಷಧ ಇರಬೇಕು ಅಂದುಕೊಂಡಿದ್ದೆ. ಒಮ್ಮೆಯೂ ಯಾರಿಗೂ ಬೇಕಾಗಿರದ ಆ ಔಷಧವನ್ನು, ಅವಧಿ ಮುಗಿದಾಗಲೆಲ್ಲ ತಾವೇ ಹೊಸದು ತಂದು ಇಡುತ್ತಿದ್ದರಂತೆ. ಕೊಳವೆಗಳನ್ನು ಒಡೆದು, ಔಷಧವನ್ನು ಜೆಲ್ಲಿಯಲ್ಲಿ ಕಲಸಿದರು. ತೆಳು ಗ್ಲೌಸ್ ಹಾಕಿಕೊಂಡು ನನ್ನ ಬೆರಳನ್ನು ಹಿಡಿದು ತಿಕ್ಕತೊಡಗಿದರು.

ನೋವಿನಲ್ಲಿ ನನಗೆ ಕಂಡದ್ದು ಆ ಗ್ಲೌಸ್ ಮಾತ್ರ. ಅಷ್ಟು ದಿನ ಅದುಮಿಟ್ಟದ್ದೆಲ್ಲ ಬಾಯಿಗೆ ಬಂತು.

"ಈಗರ ಬರೇ ಕೈಲೆ ಮುಟ್ರಿ ಸರ್! ನನ್ನ ಬೆರಳು ಹೋಗಾಕತ್ತೈತಿ, ಈಗ್ಲೂ ಮಡೀನೇನ್ರಿ ನಿಮಗ?"

ಅಕ್ಕ ನಾಲಿಗೆ ಕಚ್ಚಿಕೊಂಡಳು. ಸರ್ ಅವರ ಕೈ ನಿಲ್ಲಲಿಲ್ಲ. ಮುಖ ಮಾತ್ರ ಬದಲಾಯಿತು. ನಾನು ಯಾಕೆ ಗ್ಲೌಸ್ ಹಾಕಿಕೊಳ್ಳಲಿಲ್ಲ, ಯಾಕೆ ಬಾಟಲಿ ಮುಟ್ಟಿದೆ, ಎಲ್ಲವೂ ಅವರಿಗೆ ಆ ಒಂದು ಮಾತಿನಲ್ಲಿ ತಿಳಿಯಿತು ಅನ್ನಿಸುತ್ತದೆ. ನಾನು ಒಂದು ಕಥೆ ಬರೆಯುತ್ತಿದ್ದರೆ ಇಲ್ಲಿ ಅವರು ಗ್ಲೌಸ್ ಕಿತ್ತೆಸೆಯುತ್ತಿದ್ದರು. ಅವರು ಹಾಗೆ ಮಾಡಲಿಲ್ಲ.

"ಗ್ಲೌಸ್ ತೆಗಿಯಂಗಿಲ್ಲ ತಂಗಿ. ತೆಗದ್ರ ನಿನ್ನ ಬೆರಳಿನ್ಯಾಗ ಉಳದದ್ದು ನನ್ನ ಬೆರಳಿಗೆ ಬರ್ತದ. ಆಮ್ಯಾಲೆ ಇಬ್ಬರೂ ಕೂತು ಅಳಬೇಕು. ತಿಕ್ಕೋರು ಯಾರು?"

ಅಳುವಿನ ನಡುವೆಯೂ ನನಗೆ ನಗು ಬಂತು. ನಗು ಬಂದದ್ದಕ್ಕೆ ಮತ್ತಷ್ಟು ಅಳು ಬಂತು.

ಆಸ್ಪತ್ರೆಗೆ ಜೀಪಿನಲ್ಲಿ ಹೋಗುವಾಗಲೂ ತಿಕ್ಕುತ್ತಲೇ ಇದ್ದರು. ಲಾರಿಗಳ ಸಾಲಿನಲ್ಲಿ ಜೀಪು ಸಿಕ್ಕಿಕೊಂಡಿತು. ಇಬ್ಬದಿಯಲ್ಲೂ ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು, ಅಂಗಾರ ಅಕ್ಷತೆಯ ಹಿರಿಯರೊಬ್ಬರು ಹುಡುಗಿಯೊಬ್ಬಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನನ್ನ ಗಮನ ನೋವಿನಿಂದ ಆಚೆ ಹೋಗಲಿ ಎಂದೋ ಏನೋ, ಪಾಠ ಶುರುಮಾಡಿದರು.

"ದುರ್ಬಲ ಅಂತ ಓದಿದ್ದಿ, ಹೌದಿಲ್ಲೋ?"

"ಹೌದ್ರಿ."

"ಸುಳ್ಳಲ್ಲ ಅದು. ಪ್ರಬಲ ದುರ್ಬಲ ಅಂದ್ರ ಏನು? ನೀರಿನ್ಯಾಗ ಹಾಕಿದ್ರ ತನ್ನ ಹೈಡ್ರೋಜನ್ನು ಎಷ್ಟು ಬಿಟ್ಟುಕೊಡ್ತದ, ಅಷ್ಟೇ. ಎಷ್ಟು ಸುಡ್ತದ ಅಂತಲ್ಲ. ನಮ್ಮ ಅಕ್ಕ ಕಂಪ್ಲಿ ಬಸ್ಸಿನ್ಯಾಗ ಬರ್ತಾಳಲ್ಲ, ಹೈಡ್ರೋಕ್ಲೋರಿಕ್ ಅಂದ್ರ ಸ್ಟ್ಯಾಂಡಿಗೆ ಬಂದ ಕೂಡ್ಲೇ ಎಲ್ಲಾರೂ ಇಳಿಯೋ ಬಸ್ಸು. ನೂಕಾಟ, ಗದ್ದಲ, ಎಲ್ಲಾ ಬಾಗಿಲದಾಗೇ. ಅದಕ್ಕ ಚರ್ಮಕ್ಕ ಬಿದ್ದ ಕೂಡ್ಲೇ ಗೊತ್ತಾಗ್ತದ, ಓಡಿ ಹೋಗಿ ತೊಳ್ಕೋತಿ. ಈ ಮಡಿ ಬಾಟ್ಲಿ ಬಸ್ಸಿನ್ಯಾಗ ಒಬ್ಬಿಬ್ಬರೇ ಇಳೀತಾರ. ಉಳದವ್ರು ತುಟಿಪಿಟಕ್ ಅನ್ನದ ಕೂತೇ ಇರ್ತಾರ. ಬಾಗಿಲದಾಗ ಗದ್ದಲಿಲ್ಲ, ಚರ್ಮಕ್ಕ ಸುದ್ದೀನೇ ಇಲ್ಲ. ಬಸ್ಸು ಸೀದಾ ಒಳಗ ಹೋಗ್ತದ, ಎಲುಬಿನ ತನಕ. ಅಲ್ಲಿ ಇಳಿದು ಎಲುಬಿನ್ಯಾಗಿನ ಸುಣ್ಣ, ಅಂದ್ರ ಕ್ಯಾಲ್ಸಿಯಂ, ಹಿಡೀತದ."

"ಹಂಗಂದ್ರ ಹುಣಸೆಹಣ್ಣು ದಿನಾ ಉಣ್ತೀವಲ್ಲ ಸರ್, ಅದೂ ದುರ್ಬಲ ಐತಿ" ಅಂದೆ. ಬೆರಳು ಹೋಗುತ್ತಿದ್ದರೂ ವಾದ ಬಿಡುವ ಪೈಕಿ ಅಲ್ಲ ನಾನು.

ಅವರ ಕಣ್ಣು ಅರಳಿತು. "ಶಾಣ್ಯಾ ಇದ್ದೀ. ಹುಣಸೆಹಣ್ಣಿನ ಬಸ್ಸಿನ್ಯಾಗ ಕೂತವ್ರು ಸಂಭಾವಿತರು. ಇದರಾಗ ಫ್ಲೋರೈಡ್ ಅನ್ನೋ ಪುಂಡ ಇದ್ದಾನ. ಸುಣ್ಣ ಕಂಡ್ರ ಬಿಡೋದಿಲ್ಲ ಅವ. ಈ ಔಷಧದಾಗೂ ಸುಣ್ಣದ ಅಂಶನೇ ಇರೋದು. ನಿನ್ನ ಎಲುಬು ಬಿಟ್ಟು ಇದನ್ನ ತಿಂದು ಸುಮ್ಮನಾಗ್ಲಿ ಅಂತ ತಿಕ್ಲಿಕ್ಕತ್ತೀನಿ."

ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿ ಬಾಯಿಪಾಠ ಮಾಡಿದ್ದು ಆ ಲಾರಿಗಳ ಸಾಲಿನಲ್ಲಿ ನನಗೆ ಮೊದಲ ಸಲ ಅರ್ಥವಾಯಿತು. ಬೆರಳು ಉಳಿಯುತ್ತದೋ ಇಲ್ಲವೋ ಎಂಬ ಭಯ ಹಾಗೇ ಇತ್ತು. ಆದರೂ ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ ಎಂದು ಒಂದು ಕಡೆ ಸಂತೋಷವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಸರ್ ಡಬ್ಬಿಯಲ್ಲಿದ್ದ ಹಾಳೆಯನ್ನು ಬಿಡಿಸಿ ಡಾಕ್ಟರ ಮುಂದಿಟ್ಟರು. ಈ ಆಮ್ಲ ತಾಕಿದರೆ ಏನು ಮಾಡಬೇಕೆಂದು ತಮ್ಮ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು. ಡಾಕ್ಟರು ಎರಡು ಸಲ ಓದಿ, "ಸರಿಯಾದ ಹೊತ್ತಿಗೆ ತಂದ್ರಿ" ಅಂದರು. ಉಗುರು ತೆಗೆದು, ಬೆರಳಿನೊಳಗೆ ಅದೇ ಔಷಧವನ್ನು ಚುಚ್ಚಿದರು. ಆ ಚುಚ್ಚುವಿಕೆಯ ವರ್ಣನೆ ಬೇಡ. ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಕೊರೆಯುತ್ತಿದ್ದದ್ದು ನಿಧಾನಿಸಿತು. ಬೆರಳು ಉಳಿಯುತ್ತದೆ, ಇನ್ನೆರಡು ತಾಸು ತಡವಾಗಿದ್ದರೆ ತುದಿಯ ಗೆಣ್ಣನ್ನೇ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು. ಸರ್ ಅದನ್ನು ಕೇಳಿ ಗೋಡೆಗೆ ಒರಗಿದರು. ಆಗಲೇ ನನಗೆ ಹೊಳೆದದ್ದು, ಅವರು ಬೆಳಗಿನಿಂದ ಏನೂ ಉಂಡಿರಲಿಲ್ಲ.

ಚಿತ್ತವಾಡ್ಗಿಯ ತನಕ ಅವರೇ ಬಿಡಲು ಬಂದರು. ಅವ್ವ ಗಾಬರಿಯಲ್ಲೂ ಚಾಪೆ ಹಾಸಿ, "ಕುಂದ್ರಿ ಸರ್, ಒಂದು ಕಪ್ ಚಾ ಕುಡೀರಿ" ಅಂದಳು. ಸರ್ ಕೂತರು. "ಹೊರಗ ನಾ ಏನೂ ತಗೊಳ್ಳಂಗಿಲ್ಲ ತಾಯಿ, ತಪ್ಪು ತಿಳೀಬ್ಯಾಡ್ರಿ" ಅಂದರು. ಅವ್ವ ತಪ್ಪು ತಿಳಿಯಲಿಲ್ಲ. ನನಗೆ ಚುಚ್ಚಿತು. ಇಷ್ಟೆಲ್ಲ ಮಾಡಿದವರು ಅದೊಂದನ್ನೂ ಮಾಡಬಾರದಿತ್ತೇ ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ. ಅವರ ಬಗ್ಗೆ ನನಗಿರುವ ಗೌರವ ಅದರಿಂದ ಒಂದು ಹನಿ ಕಡಿಮೆಯಾಗಿಲ್ಲ, ಆದರೆ ಚುಚ್ಚಿದ್ದೂ ಸುಳ್ಳಲ್ಲ.

ಎರಡು ವಾರ ಬಿಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಲ್ಯಾಬಿಗೆ ಹೋದೆ. ಕೆಲಸದಿಂದ ತೆಗೆಯುತ್ತಾರೆ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಬೀರುವಿನ ಬಾಗಿಲ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿತ್ತು. ಈ ಆಮ್ಲ ಮುಟ್ಟಿದಾಗ ಉರಿಯುವುದಿಲ್ಲ, ಅದಕ್ಕೇ ಅಪಾಯ, ಗ್ಲೌಸ್ ಇಲ್ಲದೆ ಯಾರೂ ತೆಗೆಯಬಾರದು, ತಾಕಿದರೆ ಫ್ರಿಜ್ಜಿನ ಡಬ್ಬಿ. ಸರ್ ಅದನ್ನು ಓದಲು ಬಾರದ ಅಕ್ಕನಿಗೆ ಬಸ್ಸಿನ ಕಥೆಯನ್ನೇ ಹೇಳಿದ್ದರಂತೆ. "ನಮ್ಮ ಕಂಪ್ಲಿ ಬಸ್ಸಿಗೆ ಹೋಲಿಸ್ಯಾರ ನೋಡು" ಎಂದು ಅವಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ನಾನು ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಸರ್ ಕೈ ಅಡ್ಡ ಮಾಡಿದರು.

"ನೀ ಅವತ್ತು ಮಾಡಿದ ಸಿಲಿಕಾ, ಮತ್ತೊಮ್ಮೆ ಮಾಡಿ ನೋಡಿದೆ. ಸರಿ ಅದ. ಕೈ ಭಾಳ ಚೊಲೋ ಅದ ನಿಂದು. ಬೆರಳು ವಾಸಿ ಆದ ಮ್ಯಾಲೆ ನನ್ನ ಜೋಡಿ ನಿಂತು ಕಲಿ. ಮೊದಲು ಇದ್ದ ಹುಡುಗಗ ಆರು ತಿಂಗಳು ನಿಲ್ಲಿಸಿ ಕಲಿಸಿದ್ದೆ. ನಿನಗ ಅಷ್ಟು ಬೇಕಾಗಂಗಿಲ್ಲ."

ನನಗೆ ಖುಷಿಯಾಗಬೇಕಿತ್ತು. ಆದರೆ ಎರಡು ವಾರದಿಂದ ನನ್ನನ್ನು ತಿನ್ನುತ್ತಿದ್ದ ಪ್ರಶ್ನೆ ಬೇರೆ ಇತ್ತು. ಮತ್ತೆ ಕೇಳದೆ ಒಳಗಿಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ.

"ಸರ್, ಕಾರಣ ಇಷ್ಟು ಚಂದ ಹೇಳಾಕ ಬರ್ತಿತ್ತು ನಿಮಗ. ಮತ್ತ ಇಷ್ಟು ದಿನ ಮಡಿ ಅಂತ ಯಾಕಂದ್ರಿ?"

ಅವರು ಕೈಯಲ್ಲಿದ್ದ ಗಾಜಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟರು. ಬಾಗಿಲಲ್ಲಿ ಯಾರೋ ಫಲಿತಾಂಶ ಕೇಳುತ್ತಿದ್ದರು. ಸರ್ ಅತ್ತ ತಿರುಗದೆ ನನಗೆ ಹೇಳಿದರು.

"ಅಪಾಯ ಅಂದ್ರ ಈ ಊರಾಗ ಯಾರೂ ಕೇಳಂಗಿಲ್ಲ ತಂಗಿ, ಧೂಳು ಕುಡದು ಬದುಕೋ ಮಂದಿ. ಮಡಿ ಅಂದ್ರ ಎಲ್ಲಾರೂ ಥಟ್ಟನೆ ದೂರ ನಿಲ್ತಾರ. ನಮ್ಮ ಮನಿಯಾಗ ಹುಟ್ಟಿದಾಗಿಂದ ನೋಡೀನಿ, ಭಾಳ ಚೊಲೋ ಕೆಲಸ ಮಾಡ್ತದ ಆ ಮಾತು. ದೂರ ನಿಂತವ್ರ ಒಳಗ ಆ ಮಾತು ಎಲ್ಲೀತನಕ ಇಳೀತದ ಅಂತ ಮಾತ್ರ ನಾ ಒಂದು ದಿನಾನೂ ಕೇಳಿರ್ಲಿಲ್ಲ."